ಮಗ್ಗದೂರಿನ ಪೆನ್‌ಡ್ರೈವ್‌ಗಳು

ಈ ಸಲದ ಗೌರಿ ಹಬ್ಬಕ್ಕೆ ದೊಡ್ಡಬಳ್ಳಾಪುರಕ್ಕೆ ಹೋಗಿದ್ದಾಗ ಪಕ್ಕದ ಮನೆಯ ಹುಡುಗ ಕೈಯಲ್ಲೊಂದು ಪೆನ್‌ಡ್ರೈವ್ ಹಿಡಿದು ಬಂದ. ಅವರ ಮನೆಯ ವಿದ್ಯುತ್ ಮಗ್ಗಗಳಿಗೆ ಈಗ ಡಿಸೈನಿಗೆ ತಕ್ಕಂತೆ ಎಳೆಗಳನ್ನು ಎತ್ತುವ ಎಲೆಕ್ಟ್ರಾನಿಕ್ ಜಕಾರ್ಡ್ ಕೂರಿಸಿದ್ದಾರೆ. ಸೀರೆಯ ಅಂಚು, ಸೆರಗು, ಬುಟ್ಟ ಎಲ್ಲವೂ ಪೆನ್‌ಡ್ರೈವ್‌ನಲ್ಲಿ ಬರುತ್ತವೆ. ಅದನ್ನು ಮಗ್ಗದ ಪಕ್ಕದ ಪುಟ್ಟ ಪೆಟ್ಟಿಗೆಗೆ ಚುಚ್ಚಿ, ಡಿಸೈನ್ ಆರಿಸಿ, ಮಗ್ಗ ಓಡಿಸುತ್ತಾರೆ.

“ಅಣ್ಣಾ, ಹಳೇದು ಕೆಟ್ಟೋಯ್ತು ಅಂತ ಹೊಸಾದು ತಂದೆ. ಅರವತ್ನಾಲ್ಕು ಜಿಬಿ. ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಓಪನ್ ಆಗ್ತದೆ. ಮಗ್ಗದ ಪೆಟ್ಟಿಗೆಗೆ ಹಾಕಿದ್ರೆ ಒಳಗೇನೂ ಇಲ್ಲ ಅಂತದೆ. ಮಗ್ಗ ನಿಂತೋಗಿದೆ ಅಣ್ಣ” ಎಂದ.

ಪೆನ್‌ಡ್ರೈವ್ ಕೆಟ್ಟಿರಲಿಲ್ಲ, ಮಗ್ಗವೂ ಕೆಟ್ಟಿರಲಿಲ್ಲ. 32 ಜಿಬಿ ದಾಟಿದ ಪೆನ್‌ಡ್ರೈವ್‌ಗಳು ಹೆಚ್ಚಾಗಿ ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆ ಹೊತ್ತು ಅಂಗಡಿಗೆ ಬರುತ್ತವೆ. ಮಗ್ಗದ ಪೆಟ್ಟಿಗೆಗೆ ಗೊತ್ತಿದ್ದದ್ದು ಅದಕ್ಕಿಂತ ಹಳೆಯ ಫ್ಯಾಟ್32 ಮಾತ್ರ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಲಿನಕ್ಸ್. ಒಳಗಿದ್ದ ಡಿಸೈನ್‌ಗಳನ್ನು ಮೊದಲು ಪಕ್ಕಕ್ಕೆ ನಕಲು ಮಾಡಿಕೊಂಡೆ. ಪೆನ್‌ಡ್ರೈವ್‌ನ ವಿಭಾಗ ಪಟ್ಟಿಯನ್ನು ಹಳೆಯ ಎಂಬಿಆರ್ ಮಾದರಿಯಲ್ಲಿ ಹೊಸದಾಗಿ ಬರೆದು, 4 ಜಿಬಿಯ ಒಂದೇ ಒಂದು ವಿಭಾಗ ಮಾಡಿ, ಅದಕ್ಕೆ ಫ್ಯಾಟ್32 ಹಾಕಿ, ಡಿಸೈನ್‌ಗಳನ್ನು ವಾಪಸು ತುಂಬಿ ಕೊಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಗೋಡೆಯಾಚೆಯಿಂದ ಮಗ್ಗದ ಸದ್ದು ಕೇಳಿಸಿತು.

ಹುಡುಗನಿಗೆ ಅದು ಚಮತ್ಕಾರದಂತೆ ಕಂಡಿತು. ನನಗೆ ಇದೇ ಊರಿನಲ್ಲಿ, ಇದೇ ಕೆಲಸವನ್ನು, ಒಂದು ಸತ್ತ ಕಂಪ್ಯೂಟರಿನ ಮುಂದೆ ಕುಳಿತು ಕಲಿತ ವರ್ಷಗಳು ಕಣ್ಣಮುಂದೆ ಬಂದವು.

2000ದ ದಶಕದ ನಡುವಿನ ಮಾತು. ಪಿಯುಸಿ ಮುಗಿದಿತ್ತು. ಮುಂದೆ ಓದಿಸುವ ಶಕ್ತಿ ಮನೆಗೆ ಇರಲಿಲ್ಲ. ಹಳೇ ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಚುನಾವಣೆ ಬಂದರೆ ಮತಯಾಚನೆಯ ಚೀಟಿ ನಮ್ಮ ಕೆಲಸ. ಊರು ನೇಕಾರರದು, ಹಾಗಾಗಿ ಸೀರೆ ಡಿಸೈನ್‌ಗಳೂ ನಮ್ಮ ಮೇಜಿಗೆ ಬರುತ್ತಿದ್ದವು. ಆಗ ಎಲೆಕ್ಟ್ರಾನಿಕ್ ಜಕಾರ್ಡ್ ನಮ್ಮ ಬೀದಿಗಳಿಗೆ ಬಂದಿರಲಿಲ್ಲ. ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರಮಾಲೆಯೇ ತಿರುಗುತ್ತಿತ್ತು. ಆದರೆ ಡಿಸೈನ್ ಬರೆಯುವುದು ಗ್ರಾಫ್ ಹಾಳೆಯಿಂದ ಕಂಪ್ಯೂಟರಿಗೆ ಸರಿಯುತ್ತಿತ್ತು. ಬರೆಯುವವರು ಒಂದು ಕಡೆ, ಕಾರ್ಡು ಹೊಡೆಯುವವರು ಇನ್ನೊಂದು ಕಡೆ, ಮಗ್ಗ ಮತ್ತೊಂದು ಕಡೆ. ನಡುವೆ ಓಡಾಡುವುದಕ್ಕೆ ಮೊದಲು ಫ್ಲಾಪಿ ಇತ್ತು, ಆಮೇಲೆ ಪೆನ್‌ಡ್ರೈವ್ ಬಂತು.

ಅಂಗಡಿಯಲ್ಲಿದ್ದ ಕಂಪ್ಯೂಟರುಗಳಲ್ಲಿ ಒಂದರ ಹಾರ್ಡ್ ಡಿಸ್ಕ್ ಸತ್ತುಹೋಗಿತ್ತು. ಪೆಂಟಿಯಂ 3, 256 ಎಂಬಿ ರ‍್ಯಾಮ್. ಹೊಸ ಡಿಸ್ಕಿಗೆ ಯಜಮಾನರು ದುಡ್ಡು ಬಿಚ್ಚಲಿಲ್ಲ. ಅದು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ನಮ್ಮ ಅಂಗಡಿಗೆ ಸಂಜೆ ಹೊತ್ತು ಬರುತ್ತಿದ್ದ ಒಬ್ಬ ಅಣ್ಣ ಇದ್ದರು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ಅಲ್ಲೇ ಕೆಲಸಕ್ಕಿದ್ದವರು, ಯಲಹಂಕ, ರಾಜಾನುಕುಂಟೆ ಹಾದು ಬರುವ ಬಸ್ಸಿನಲ್ಲಿ ದಿನಾ ಓಡಾಡುತ್ತಿದ್ದರು. 2001ರಲ್ಲಿ ಶುರುವಾಗಿ 2005ರಿಂದ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ನಡೆದ ಲಿನಕ್ಸ್ ಬೆಂಗಳೂರು ಸಮಾವೇಶಕ್ಕೆ ತಪ್ಪದೆ ಹೋಗುತ್ತಿದ್ದವರು. ಒಂದು ಸಂಜೆ ಅವರು ಸಿಡಿಯೊಂದನ್ನು ತಂದು, “ಈ ಮಿಷನ್ನಿಗೆ ಡಿಸ್ಕೇ ಬೇಡ ಕಣೋ” ಎಂದರು.

ಆ ಸಿಡಿಯಲ್ಲಿದ್ದದ್ದು ಪಪ್ಪಿ ಲಿನಕ್ಸ್. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಎಂಬುವರು 2003ರಲ್ಲಿ ಶುರು ಮಾಡಿದ ಕಾರ್ಯಾಚರಣ ವ್ಯವಸ್ಥೆ. ತಾವು ಸಾಕಿದ್ದ ಪುಟ್ಟ ನಾಯಿಯ ನೆನಪಿಗೆ ಇಟ್ಟ ಹೆಸರು. ಆಗ ಇಡೀ ವ್ಯವಸ್ಥೆ ನೂರು ಎಂಬಿಯ ಒಳಗೆ ಇತ್ತು. ಕಂಪ್ಯೂಟರ್ ಆನ್ ಆದ ಮೇಲೆ ಅಷ್ಟನ್ನೂ ರ‍್ಯಾಮಿಗೆ ಎಳೆದುಕೊಂಡು ಅಲ್ಲಿಂದಲೇ ಓಡುತ್ತದೆ. ಡಿಸ್ಕ್ ಇಲ್ಲದ ನಮ್ಮ ಪೆಂಟಿಯಂ, ಡಿಸ್ಕ್ ಇದ್ದ ವಿಂಡೋಸ್ ಕಂಪ್ಯೂಟರುಗಳಿಗಿಂತ ಬೇಗ ಎದ್ದು ನಿಂತಿತು. ಬಳಸುವವರು ಜಗತ್ತಿನಲ್ಲೇ ಕಡಿಮೆ. ದೊಡ್ಡಬಳ್ಳಾಪುರದಲ್ಲಿ ನಾವಲ್ಲದೆ ಇನ್ನೊಬ್ಬರು ಬಳಸಿದ್ದನ್ನು ನಾನು ನೋಡಲಿಲ್ಲ.

ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಊರಿನಲ್ಲಿ ಅದರ ಬೆಲೆ ನಮಗೆ ಬೇಗ ತಿಳಿಯಿತು. ಕರೆಂಟು ಹೋದಾಗ ಯುಪಿಎಸ್ ಬ್ಯಾಟರಿಯೂ ಕೈಕೊಟ್ಟರೆ ವಿಂಡೋಸ್ ಕಂಪ್ಯೂಟರುಗಳು ಮತ್ತೆ ಏಳುವಾಗ ಡಿಸ್ಕ್ ಪರೀಕ್ಷೆಗೆ ಕೂರುತ್ತಿದ್ದವು, ಗಿರಾಕಿಗಳು ಕಾಯುತ್ತಿದ್ದರು. ಪಪ್ಪಿಗೆ ಹಾಳಾಗಲು ಡಿಸ್ಕೇ ಇರಲಿಲ್ಲ. ಆದರೆ ನಾವು ಮಾಡಿದ ಬದಲಾವಣೆಗಳನ್ನು ಅದು ಎಲ್ಲಾದರೂ ಉಳಿಸಬೇಕಲ್ಲ? ಅದಕ್ಕೆಂದು ಪೆನ್‌ಡ್ರೈವ್‌ನೊಳಗೆ ‘ಪಪ್ ಸೇವ್’ ಎಂಬ ಒಂದೇ ದೊಡ್ಡ ಕಡತ ಮಾಡಿಕೊಳ್ಳುತ್ತಿತ್ತು. ಫ್ಯಾಟ್ ಪೆನ್‌ಡ್ರೈವ್‌ನ ಹೊಟ್ಟೆಯೊಳಗೆ ಒಂದು ಕಡತ, ಆ ಕಡತದೊಳಗೆ ಲಿನಕ್ಸಿನದೇ ಆದ ಇನ್ನೊಂದು ಕಡತ ವ್ಯವಸ್ಥೆ. ನನ್ನ ಮೊದಲ ಪಾಠಗಳೆಲ್ಲ ಆ ಕಡತ ಕೊಟ್ಟ ತೊಂದರೆಗಳಿಂದಲೇ ಬಂದವು.

ಮೊದಲ ತೊಂದರೆ, ನಮ್ಮ ಪೆಂಟಿಯಂನ ಹಳೆಯ ಬಯೋಸಿಗೆ ಯುಎಸ್‌ಬಿಯಿಂದ ಏಳುವುದೇ ಗೊತ್ತಿರಲಿಲ್ಲ. ಏಳುವುದು ಸಿಡಿಯಿಂದ, ನೆನಪು ಇರುವುದು ಪೆನ್‌ಡ್ರೈವ್‌ನಲ್ಲಿ. ಸಿಡಿ ಓದಿ ಮುಗಿಯುವ ಹೊತ್ತಿಗೆ ಪೆನ್‌ಡ್ರೈವ್ ಇನ್ನೂ ಎಚ್ಚರವಾಗದೇ ಇದ್ದರೆ ಪಪ್ಪಿ ಹಿಂದಿನ ಕೆಲಸವನ್ನೆಲ್ಲ ಮರೆತು ಹೊಸದಾಗಿ ಪರಿಚಯ ಕೇಳುತ್ತಿತ್ತು: ಕೀಬೋರ್ಡ್ ಯಾವುದು, ಪರದೆ ಎಷ್ಟು ದೊಡ್ಡದು. ಅಂಗಡಿಯವರೆಲ್ಲ ಎಲ್ಲವೂ ಹೋಯಿತೆಂದು ಗಾಬರಿಯಾಗುತ್ತಿದ್ದರು. ಅಣ್ಣ ಮಾತ್ರ ಪೆನ್‌ಡ್ರೈವ್ ಅನ್ನು ಕ್ಯಾಬಿನೆಟ್ಟಿನ ಮುಂಭಾಗದ ಕಿಂಡಿಯಿಂದ ಕಿತ್ತು ಹಿಂಭಾಗದ ಕಿಂಡಿಗೆ ಹಾಕಿ ಮತ್ತೆ ಆನ್ ಮಾಡುತ್ತಿದ್ದರು. ಎಲ್ಲವೂ ಇದ್ದಲ್ಲೇ ಇರುತ್ತಿತ್ತು.

ಹಿಂಭಾಗವೇ ಯಾಕೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಹಿಂಭಾಗದ ಕಿಂಡಿಗಳು ನೇರವಾಗಿ ಮದರ್‌ಬೋರ್ಡಿನ ಮೇಲೇ ಇರುತ್ತವೆ. ಮುಂಭಾಗದವಕ್ಕೆ ಒಳಗಿನಿಂದ ಉದ್ದದ ತೆಳು ತಂತಿ ಎಳೆದಿರುತ್ತಾರೆ. ಯುಎಸ್‌ಬಿ ಕೊಡುವುದೇ 5 ವೋಲ್ಟ್. ಯುಎಸ್‌ಬಿ 2.0ರ ನಿಯಮದ ಪ್ರಕಾರ ಮೊದಲು 100 ಮಿಲಿಆಂಪ್, ಸಾಧನ ತನ್ನ ಪರಿಚಯ ಹೇಳಿ ಕೇಳಿಕೊಂಡ ಮೇಲೆ ಹೆಚ್ಚೆಂದರೆ 500 ಮಿಲಿಆಂಪ್. ತಂತಿಯಲ್ಲಿ ಸ್ವಲ್ಪ ಸೋರಿದರೂ ಪೆನ್‌ಡ್ರೈವ್ ತೊದಲುತ್ತದೆ. ಬೆಂಗಳೂರಿನ ಸ್ಟುಡಿಯೋದಿಂದ ಮದುವೆ ವಿಡಿಯೊ ತುಂಬಿಸಿಕೊಂಡು ಬಂದವರ ಹೊರಗಿನ ಹಾರ್ಡ್ ಡಿಸ್ಕುಗಳು ಟಿಕ್ ಟಿಕ್ ಎಂದು ಸದ್ದು ಮಾಡುತ್ತ ತೆರೆದುಕೊಳ್ಳದೇ ಇರುತ್ತಿದ್ದದ್ದೂ ಇದೇ ಕಾರಣಕ್ಕೆ. ಡಿಸ್ಕ್ ಸತ್ತಿದೆ ಎಂದು ಅಳುಮುಖ ಮಾಡಿದವರಿಗೆ ಎರಡು ಬಾಯಿಯ ತಂತಿ ಹಾಕಿ, ಎರಡು ಕಿಂಡಿಯಿಂದ ಕರೆಂಟು ಕೊಟ್ಟು, ಅವರ ಮಗಳ ಮದುವೆಯನ್ನು ತೆರೆದು ತೋರಿಸಿದ್ದೇವೆ.

ಪಪ್ಪಿ ಯಾವುದನ್ನೂ ಮುಚ್ಚಿಡುತ್ತಿರಲಿಲ್ಲ. ವಿಂಡೋಸ್ “ಯುಎಸ್‌ಬಿ ಸಾಧನ ಗುರುತಿಸಲಾಗಲಿಲ್ಲ” ಎಂದಷ್ಟೇ ಹೇಳಿ ಸುಮ್ಮನಾದರೆ, ಇಲ್ಲಿ ಡಿಮೆಸೇಜ್ ಎಂಬ ಒಂದು ಆದೇಶ ಕೊಟ್ಟರೆ ವ್ಯವಸ್ಥೆಯ ತಿರುಳಾದ ಕರ್ನಲ್ ತಾನು ಕಂಡದ್ದನ್ನೆಲ್ಲ ಸಾಲುಸಾಲಾಗಿ ಒಪ್ಪಿಸುತ್ತಿತ್ತು. ಸಾಧನ ಬಂತು, ಅದಕ್ಕೆ ಇಂಥ ನಂಬರು ಕೊಟ್ಟೆ, ಅದು ಸ್ಟೋರೇಜ್ ಅಂದುಕೊಂಡಿದೆ, ಅದನ್ನು ಸ್ಕಸಿ ಡಿಸ್ಕಿನಂತೆ ಎಸ್‌ಡಿಎ ಎಂದು ಕರೆಯುತ್ತೇನೆ, ಅದರೊಳಗೆ ಒಂದನೇ ವಿಭಾಗವಿದೆ. ಇಷ್ಟು ಬಂದರೆ ಯಂತ್ರ ಸರಿಯಿದೆ, ತೊಂದರೆ ಕಡತ ವ್ಯವಸ್ಥೆಯದು. ‘ಎರರ್ ಮೈನಸ್ 71’ ಬಂದರೆ ತಂತಿ, ಕರೆಂಟು ಅಥವಾ ಕಿಂಡಿ ನೋಡಬೇಕು. ‘ಮೈನಸ್ 110’ ಬಂದರೆ ಪೆನ್‌ಡ್ರೈವ್ ಹೊತ್ತಿಗೆ ಸರಿಯಾಗಿ ಉತ್ತರ ಕೊಡುತ್ತಿಲ್ಲ. ಪರಿಚಯವೆಲ್ಲ ಮುಗಿದು ವಿಭಾಗ ಕಾಣಿಸದಿದ್ದರೆ ವಿಭಾಗ ಪಟ್ಟಿ ಹಾಳಾಗಿದೆ. ಎಲ್ಲಿಯವರೆಗೆ ಸರಿಯಿದೆ, ಎಲ್ಲಿಂದ ಕೆಟ್ಟಿದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೋಡುವ ಅಭ್ಯಾಸ ನನಗೆ ಅಂಟಿದ್ದು ಅಲ್ಲಿ. ಆಮೇಲೆ ಮಾಡಿದ ಯಾವ ಕೆಲಸವೂ ಇದಕ್ಕಿಂತ ದೊಡ್ಡ ಪಾಠ ಕಲಿಸಲಿಲ್ಲ.

ಇನ್ನೊಂದು ಪಾಠ ಬಿಡಿಸುವುದರದು. ಪಪ್ಪಿಯಲ್ಲಿ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ತೆರೆದುಕೊಳ್ಳುತ್ತಿರಲಿಲ್ಲ. ನಾವೇ ಅದನ್ನು ಮೌಂಟ್ ಮಾಡಬೇಕು, ಕೆಲಸ ಮುಗಿದ ಮೇಲೆ ನಾವೇ ಅನ್‌ಮೌಂಟ್ ಮಾಡಬೇಕು. ಲಿನಕ್ಸ್ ನಾವು ನಕಲು ಮಾಡಿದ್ದನ್ನು ಕೂಡಲೇ ಪೆನ್‌ಡ್ರೈವ್‌ಗೆ ಬರೆಯುವುದಿಲ್ಲ. ಮೊದಲು ರ‍್ಯಾಮಿನಲ್ಲಿ ಇಟ್ಟುಕೊಂಡು ನಿಧಾನಕ್ಕೆ ಬರೆಯುತ್ತದೆ. ಪರದೆಯಲ್ಲಿ ನಕಲು ಮುಗಿದಂತೆ ಕಂಡರೂ ಪೆನ್‌ಡ್ರೈವ್‌ನ ಪುಟ್ಟ ದೀಪ ಮಿನುಗುತ್ತಲೇ ಇರುತ್ತಿತ್ತು. ನಮ್ಮ ಪೆಂಟಿಯಂನಲ್ಲಿದ್ದದ್ದು ಯುಎಸ್‌ಬಿ 1.1, ಸೆಕೆಂಡಿಗೆ 12 ಮೆಗಾಬಿಟ್. 512 ಎಂಬಿ ತುಂಬಲು ಎಂಟು ಹತ್ತು ನಿಮಿಷ ಬೇಕು. ಆ ನಿಮಿಷಗಳಲ್ಲಿ “ಆಯ್ತಲ್ಲ, ಕೊಡ್ರೀ, ಬಸ್ಸು ಹೋಗ್ತದೆ” ಎಂದು ಕಿತ್ತುಕೊಂಡು ಹೋದವರು ಮರುದಿನ ವಾಪಸು ಬರುತ್ತಿದ್ದರು. ಅನ್‌ಮೌಂಟ್ ಎಂದರೆ ಪಪ್ಪಿ ಕೆಲವು ಸಲ “ಸಾಧನ ಬಿಡುವಿಲ್ಲ” ಎಂದು ತಡೆಯುತ್ತಿತ್ತು. ಯಾವುದೋ ಕಿಟಕಿ ಆ ಕಡತವನ್ನು ಇನ್ನೂ ಹಿಡಿದುಕೊಂಡಿದೆ ಎಂದರ್ಥ. ಅದನ್ನು ಹುಡುಕಿ ಮುಚ್ಚಿದರೆ ಬಿಡುತ್ತಿತ್ತು.

ಫ್ಯಾಟ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಮ್ಮ ಗಿರಾಕಿಗಳಿಗೆ ಅರ್ಥ ಮಾಡಿಸಲು ಯಜಮಾನರು ಬಳಸುತ್ತಿದ್ದ ಉಪಮೆ ಶಾನುಭೋಗರ ಖಾತೆಯದು. ಯಾವ ತುಂಡು ಯಾರದು, ಅದರ ಮುಂದಿನ ತುಂಡು ಎಲ್ಲಿದೆ ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಪುಸ್ತಕ ಹರಿದರೆ ಜಮೀನೇನೂ ಎದ್ದು ಹೋಗುವುದಿಲ್ಲ, ಯಾರದೆಂದು ಹೇಳುವವರು ಇರುವುದಿಲ್ಲ ಅಷ್ಟೇ. ಫ್ಯಾಟ್‌ನಲ್ಲಿ ಆ ಪುಸ್ತಕಕ್ಕೆ ಸಾಮಾನ್ಯವಾಗಿ ಎರಡು ಪ್ರತಿಗಳಿರುತ್ತವೆ. ಅರ್ಧ ಬರೆದಾಗ ಕಿತ್ತರೆ ಎರಡೂ ಬೇರೆಬೇರೆ ಹೇಳುತ್ತವೆ. ಕಡತ ವ್ಯವಸ್ಥೆಯನ್ನು ಪರೀಕ್ಷಿಸುವ ಎಫ್‌ಎಸ್‌ಸಿಕೆ ಆದೇಶ ಓಡಿಸಿದರೆ ಅದು ಯಾವ ಪ್ರತಿಯನ್ನು ನಂಬಲಿ ಎಂದು ಕೇಳುತ್ತದೆ. ವಾರಸುದಾರರಿಲ್ಲದ ತುಂಡುಗಳನ್ನು ನಂಬರು ಹಾಕಿದ ‘ರೆಕ್’ ಕಡತಗಳಾಗಿ ಒಂದೆಡೆ ಗುಡ್ಡೆ ಹಾಕುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅಳಿಯುವುದು ಪುಸ್ತಕ ಮಾತ್ರ.

ಈ ಕೊನೆಯ ಸಂಗತಿಯಿಂದ ಒಂದು ಮನೆಯ ಬದುಕು ಉಳಿದದ್ದನ್ನು ನಾನು ಕಣ್ಣಾರೆ ಕಂಡೆ. ತೇರಿನ ಬೀದಿಯ ಕಡೆಯ ಒಬ್ಬ ನೇಕಾರರು ಮಗ್ಗದ ಜೊತೆಗೆ ಡಿಸೈನ್ ಮಾರುವುದನ್ನೂ ಮಾಡುತ್ತಿದ್ದರು. ಅವರ ವರ್ಷಗಳ ಕೆಲಸವೆಲ್ಲ ಒಂದೇ ಪೆನ್‌ಡ್ರೈವ್‌ನಲ್ಲಿತ್ತು. ಕರೆಂಟು ಹೋಗಿ ಬಂದಾಗ ವಿಂಡೋಸ್ “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳಿದೆ, ಮನೆಯ ಯಾರೋ ‘ಯೆಸ್’ ಒತ್ತಿದ್ದಾರೆ. ಅವರು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

ಪಪ್ಪಿ ರ‍್ಯಾಮಿನಲ್ಲಿ ಓಡುವುದರಿಂದ ಪೆನ್‌ಡ್ರೈವ್‌ಗೆ ಒಂದು ಅಕ್ಷರವನ್ನೂ ಬರೆಯದೆ ಅದನ್ನು ಓದಲು ಸಾಧ್ಯವಿತ್ತು. ಕೆಟ್ಟದ್ದರ ಮೇಲೆ ಮತ್ತೆ ಬರೆಯಬಾರದು ಎಂಬುದೇ ಇಂಥ ಕೆಲಸದ ಮೊದಲ ನಿಯಮ. ಅಣ್ಣ ಮೊದಲು ಇಡೀ ಪೆನ್‌ಡ್ರೈವ್‌ನ ತದ್ರೂಪವನ್ನು ಇನ್ನೊಂದು ಕಡೆ ಇಳಿಸಿಕೊಂಡರು. ಆಮೇಲೆ ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಆ ತದ್ರೂಪದ ಮೇಲೆ ಓಡಿಸಿದರು. ಅದು ಪುಸ್ತಕವನ್ನು ನೋಡುವುದೇ ಇಲ್ಲ. ನೇರವಾಗಿ ತುಂಡುಗಳನ್ನೇ ತಡವುತ್ತ, ಯಾವ ಬಗೆಯ ಕಡತ ಹೇಗೆ ಶುರುವಾಗುತ್ತದೆ ಎಂಬ ಗುರುತಿನಿಂದ ಹುಡುಕುತ್ತದೆ. ಬಿಟ್‌ಮ್ಯಾಪ್ ಚಿತ್ರವಾದರೆ ಅದರ ಮೊದಲ ಎರಡು ಅಕ್ಷರ ಬಿ ಮತ್ತು ಎಂ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಡಿಸೈನ್‌ಗಳು ಒಂದೊಂದಾಗಿ ಬರತೊಡಗಿದವು. ಆದರೆ ಹೆಸರುಗಳಿರಲಿಲ್ಲ, ಎಫ್ ಅಕ್ಷರದ ಮುಂದೆ ಏಳಂಕಿಯ ನಂಬರು ಮಾತ್ರ. ಯಾವುದು ಯಾವ ಸೀರೆಯದು, ಯಾವುದು ಸೆರಗು, ಯಾವುದು ತಿದ್ದಿದ ಪ್ರತಿ ಎಂದು ಆ ನೇಕಾರರಿಗೂ ಹೇಳಲಾಗಲಿಲ್ಲ.

ಮರುದಿನ ಅವರು ತಮ್ಮ ತಾಯಿಯನ್ನು ಕರೆತಂದರು. ವಯಸ್ಸಾದ ಹೆಂಗಸು. ಮದುವೆಯಾಗಿ ಬಂದಾಗಿನಿಂದ ಕಾರ್ಡಿಗೆ ತೂತು ಹೊಡೆದು, ಕಾರ್ಡುಗಳನ್ನು ದಾರದಲ್ಲಿ ಪೋಣಿಸುತ್ತ ಬಂದವರು. ಒಂದು ಕಾರ್ಡಿಗೆ ಹೊಕ್ಕಿನ ಒಂದು ಎಳೆ. ಒಂದು ಡಿಸೈನಿಗೆ ನೂರಾರು, ಕೆಲವಕ್ಕೆ ಸಾವಿರ ದಾಟಿ ಕಾರ್ಡುಗಳು. ಕಂಪ್ಯೂಟರಿನ ಮುಂದೆ ಕೂತು ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಇದು ರುದ್ರಾಕ್ಷಿ ಅಂಚು. ಮುಂದಕ್ಕೆ ಹೋಗಪ್ಪ. ಇದು ಮಾವಿನಕಾಯಿ, ಚಿಕ್ಕದು. ದೊಡ್ಡದು ಬೇರೆ ಅದೆ, ನೋಡು. ಇದು ಹಂಸ, ಕೊಕ್ಕು ತಿದ್ದೋಕೆ ಮುಂಚಿಂದು, ಇದನ್ನ ಬಿಟ್ಟಾಕು. ಇದು ನಮ್ಮದಲ್ಲ ಕಣಪ್ಪ, ಯಾರ್ದೋ ಸೇರ್ಕೊಂಡದೆ.”

ಹೌದು, ಅದು ಅವರದಾಗಿರಲಿಲ್ಲ. ಹಿಂದೆ ಬೇರೆಯವರು ತುಂಬಿ ಅಳಿಸಿದ್ದ ಡಿಸೈನ್ ಪೆನ್‌ಡ್ರೈವ್‌ನ ಮೂಲೆಯಲ್ಲಿ ಉಳಿದಿತ್ತು. ಅವರು ಹೇಳುತ್ತ ಹೋದರು, ನಾನು ಹೆಸರು ಬರೆಯುತ್ತ ಹೋದೆ. ಚಿತ್ರ ಅರ್ಧವೇ ಬಂದಿದ್ದ ಕಡತಗಳನ್ನೂ ಗುರುತಿಸಿದರು. ಎಷ್ಟನೇ ಕಾರ್ಡಿನಲ್ಲಿ ಹೂವು ತಿರುಗುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಕಂಪ್ಯೂಟರ್ ಕಳೆದುಕೊಂಡಿದ್ದ ಪಟ್ಟಿ ಅವರ ಬಳಿ ಇತ್ತು.

ಆ ದಿನಗಳ ಇನ್ನೊಂದು ಕಷ್ಟ ಕನ್ನಡದ್ದು. ಅಂಗಡಿಯ ಕೆಲಸವೆಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ನಡೆಯುತ್ತಿತ್ತು. ಆದರೆ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡದಲ್ಲಿ ಕಡತಕ್ಕೆ ಹೆಸರಿಡುವವರೂ ಶುರುವಾಗಿದ್ದರು. ಅಂಥ ಪೆನ್‌ಡ್ರೈವ್ ಪಪ್ಪಿಯಲ್ಲಿ ತೆರೆದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಫ್ಯಾಟ್ ಉದ್ದ ಹೆಸರುಗಳನ್ನು ಯೂನಿಕೋಡ್‌ನಲ್ಲೇ ಇಟ್ಟಿರುತ್ತದೆ, ಪಪ್ಪಿ ಮಾತ್ರ ಅದನ್ನು ಪಶ್ಚಿಮ ಯುರೋಪಿನ ಅಕ್ಷರಪಟ್ಟಿಯಲ್ಲಿ ಹುಡುಕಿ ಸಿಗದೆ ಸೋಲುತ್ತಿತ್ತು. ಮೌಂಟ್ ಮಾಡುವಾಗ ಅಕ್ಷರಪಟ್ಟಿ ಯುಟಿಎಫ್-8 ಎಂದು ಹೇಳಿ, ಒಂದು ಕನ್ನಡ ಫಾಂಟ್ ಸೇರಿಸಿದ ಮೇಲೆ ಹೆಸರುಗಳು ಕಂಡವು. ಜಗತ್ತಿನ ಇನ್ನೊಂದು ತುದಿಯಲ್ಲಿ ಯಾರೋ ಒಬ್ಬರು ಬಿಡುವಿನಲ್ಲಿ ಕಟ್ಟಿದ ವ್ಯವಸ್ಥೆಯೊಳಗೆ ನನ್ನ ಭಾಷೆಗೂ ಜಾಗ ಇತ್ತು, ಅದನ್ನು ತೆರೆಯುವ ಕೀಲಿ ನನ್ನ ಕೈಗೂ ಎಟುಕುವಂತಿತ್ತು. ಆ ವಯಸ್ಸಿಗೆ ಅದು ಸಣ್ಣ ಸಂತೋಷವಾಗಿರಲಿಲ್ಲ.

ವೈರಸ್‌ಗಳ ಕಾಲವೂ ಅದೇ. ಒಂದು ಕಾಲೇಜಿನ ಲ್ಯಾಬಿಗೆ ಹೋಗಿ ಬಂದ ಪೆನ್‌ಡ್ರೈವ್ ಎಂದರೆ ಒಳಗೆ ಆಟೊರನ್ ಕಡತ ಖಂಡಿತ. ಇದ್ದ ಫೋಲ್ಡರುಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟು ಮೋಸ ಮಾಡುವ ವೈರಸ್‌ಗಳೂ ಇದ್ದವು. ಹುಡುಗರು ತಮ್ಮ ಪ್ರಾಜೆಕ್ಟ್ ವರದಿ ಹೋಯಿತೆಂದು ಓಡಿಬರುತ್ತಿದ್ದರು. ಆ ವೈರಸ್‌ಗಳು ವಿಂಡೋಸಿಗೆ ಬರೆದವು, ಪಪ್ಪಿಯಲ್ಲಿ ಓಡುತ್ತಿರಲಿಲ್ಲ. ಮರೆಯಾದ ಫೋಲ್ಡರುಗಳೆಲ್ಲ ಅಲ್ಲಿ ಹಾಗೇ ಕಾಣುತ್ತಿದ್ದವು. ಪರೀಕ್ಷೆಯ ತಿಂಗಳಲ್ಲಿ ಮೂಲೆಯ ಪೆಂಟಿಯಂ ಮುಂದೆ ಸಾಲು ನಿಲ್ಲುತ್ತಿತ್ತು.

ಇಷ್ಟು ವರ್ಷಗಳ ನಂತರ ಆ ಜನರನ್ನು, ಆ ಕಾಲವನ್ನು ಪ್ರೀತಿಯಿಂದಲೇ ನೆನೆಯುತ್ತೇನೆ. ಆದರೆ ಎಲ್ಲವನ್ನೂ ಆಗ ಕಂಡಂತೆಯೇ ಈಗಲೂ ಕಾಣಲಾರೆ. ಅಣ್ಣನ ಬಗ್ಗೆ ನನಗಿದ್ದದ್ದು ಭಕ್ತಿ. ಅವರಷ್ಟು ತಿಳಿದವರು ತಾಲ್ಲೂಕಿನಲ್ಲೇ ಇರಲಿಲ್ಲ, ಕಲಿಸುವುದಕ್ಕೆ ಒಂದು ರೂಪಾಯಿ ಕೇಳಲಿಲ್ಲ. ಆದರೆ ಕಪ್ಪು ಪರದೆಯಲ್ಲಿ ಆದೇಶ ಟೈಪು ಮಾಡಲಾರದವರನ್ನು ಅವರು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. “ಓದಿಕೊಳ್ಳಲಿ, ಎಲ್ಲ ಬರೆದಿದೆ” ಎನ್ನುತ್ತಿದ್ದರು. ಬರೆದಿದ್ದದ್ದು ಇಂಗ್ಲಿಷಿನಲ್ಲಿ. ಮಗ್ಗ ನಿಲ್ಲಿಸಿ ಓಡಿಬಂದ ನೇಕಾರರಿಗೆ ಆ ಮಾತು ಬಾಗಿಲು ಹಾಕಿದಂತೆ ಕೇಳಿಸುತ್ತಿತ್ತು. ಎಲ್ಲರಿಗೂ ಸೇರಿದ ತಂತ್ರಾಂಶ ಎಂದು ಅವರು ಮನಸಾರೆ ನಂಬಿದ್ದರು. ಎಲ್ಲರಿಗೂ ಸೇರಬೇಕಾದರೆ ಯಾರ ಮಾತಿನಲ್ಲಿ ಹೇಳಬೇಕು ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ಪಪ್ಪಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅದರಲ್ಲಿ ಎಲ್ಲ ಕೆಲಸವೂ ರೂಟ್ ಬಳಕೆದಾರನ ಹೆಸರಿನಲ್ಲೇ ನಡೆಯುತ್ತದೆ, ಅಂದರೆ ಕುಳಿತವರಿಗೆಲ್ಲ ಎಲ್ಲವನ್ನೂ ಅಳಿಸುವ ಅಧಿಕಾರ. ಒಬ್ಬರೇ ಬಳಸುವ ಕಂಪ್ಯೂಟರಿಗೆ ಅದು ಅನುಕೂಲ. ಹತ್ತು ಜನರ ಪೆನ್‌ಡ್ರೈವ್ ಬಂದುಹೋಗುವ ಅಂಗಡಿಯ ಮೇಜಿಗೆ ತಕ್ಕ ಏರ್ಪಾಡಲ್ಲ. ನಮ್ಮ ಅಂಗಡಿಯಲ್ಲಿ ಅನಾಹುತ ಆಗದೇ ಇದ್ದದ್ದು ವ್ಯವಸ್ಥೆಯ ಗುಣದಿಂದಲ್ಲ, ಯಜಮಾನರ ಶಿಸ್ತಿನಿಂದ.

ಯಜಮಾನರನ್ನು ಆಗ ನಾವೆಲ್ಲ ಜಿಪುಣರೆಂದು ಬೈದುಕೊಳ್ಳುತ್ತಿದ್ದೆವು. ಸಂಬಳ ಕಡಿಮೆ ಕೊಡುತ್ತಿದ್ದರು, ಹೆಚ್ಚಿಸಲೂ ಇಲ್ಲ. ಅದು ನ್ಯಾಯವಲ್ಲ ಎಂದು ಇವತ್ತೂ ಹೇಳುತ್ತೇನೆ. ಆದರೆ ಅವರದೊಂದು ಕಟ್ಟುನಿಟ್ಟು ಇತ್ತು. ಗಿರಾಕಿಯ ಪೆನ್‌ಡ್ರೈವ್‌ಗೆ ಕೈಹಾಕುವ ಮೊದಲು ಅದರಲ್ಲಿರುವುದನ್ನೆಲ್ಲ ನಕಲು ಮಾಡಿಕೊಳ್ಳಬೇಕು. ಕೆಲಸ ಮುಗಿದು ಗಿರಾಕಿ ತೆರೆದು ನೋಡಿ, ನೋಟ್‌ಬುಕ್ಕಿನಲ್ಲಿ ರುಜು ಹಾಕಿದ ಮೇಲೆ ಅವರ ಎದುರಿಗೇ ಆ ನಕಲನ್ನು ಅಳಿಸಬೇಕು. ಒಬ್ಬ ನೇಕಾರರ ಡಿಸೈನ್ ಇನ್ನೊಬ್ಬರ ಕೈಗೆ ಹೋದರೆ ಸಂಸಾರಗಳ ನಡುವೆ ಜಗಳ ಹತ್ತುವ ಊರಿನಲ್ಲಿ ಅವರು ಆ ಎಚ್ಚರ ತಪ್ಪಲಿಲ್ಲ. ಇವತ್ತು ದೊಡ್ಡ ದೊಡ್ಡ ಕಂಪನಿಗಳು ಖಾಸಗಿ ಮಾಹಿತಿಯ ರಕ್ಷಣೆ ಎಂದು ಪುಟಗಟ್ಟಲೆ ಬರೆಯುವುದನ್ನು ಅವರು ಒಂದು ನೋಟ್‌ಬುಕ್ಕಿನಲ್ಲಿ ನಡೆಸಿದರು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆ ತಾಯಿಯ ವಿಷಯ. ಡಿಸೈನ್‌ಗಳನ್ನು ಉಳಿಸಿಕೊಟ್ಟವರು ಯಾರು ಎಂದು ಊರು ಕೇಳಿದಾಗ ಎಲ್ಲರೂ ಹೆಸರು ಹೇಳಿದ್ದು ಅಣ್ಣನದು. ಆ ತಾಯಿಯ ಹೆಸರನ್ನು ಯಾರೂ ಎತ್ತಲಿಲ್ಲ. ನಮ್ಮ ಅಂಗಡಿಗೆ ಪೆನ್‌ಡ್ರೈವ್ ಹಿಡಿದು ಬರುತ್ತಿದ್ದವರೆಲ್ಲ ಗಂಡಸರೇ. ಮನೆಯಲ್ಲಿ ಕಾರ್ಡು ಹೊಡೆಯುತ್ತಿದ್ದವರಲ್ಲಿ, ಪೋಣಿಸುತ್ತಿದ್ದವರಲ್ಲಿ ಹೆಂಗಸರು ಬಹಳ. ಎಲೆಕ್ಟ್ರಾನಿಕ್ ಜಕಾರ್ಡಿಗೆ ಕಾರ್ಡೇ ಬೇಡ. ಬ್ರಿಟನ್ನಿನ ಬೋನಾಸ್ ಕಂಪನಿ 1983ರಲ್ಲಿ ಮಿಲಾನ್ ಪ್ರದರ್ಶನದಲ್ಲಿ ತೋರಿಸಿದ ಆ ಯಂತ್ರ, ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಕಾರ್ಡಿನ ವಿಧಾನವನ್ನು ಬದಿಗೆ ಸರಿಸಿತು. ನಮ್ಮ ಬೀದಿಗಳಿಗೆ ಅದು ತಲುಪಲು ದಶಕಗಳು ಹಿಡಿದವು, ತಲುಪಿದ ಮೇಲೆ ಕಾರ್ಡಿನ ಕೂಲಿ ಕಡಿಮೆಯಾಗುತ್ತ ಬಂತು. ಯಂತ್ರ ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಬೆನ್ನು ಬಾಗಿಸಿ ತೂತು ಹೊಡೆಯುವ ಕೆಲಸ ಯಾರಿಗೂ ಸುಖದ್ದಲ್ಲ. ಆದರೆ ಡಿಸೈನ್ ಓದುವ ಆ ಹೆಂಗಸರ ಕಣ್ಣನ್ನು ಹೊಸ ಯಂತ್ರದ ಮುಂದೆ ಕೂರಿಸಬಹುದಿತ್ತು. ಯಾರೂ ಕೂರಿಸಲಿಲ್ಲ.

ಊರೂ ಬದಲಾಗಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಓರಗೆಯ ಹುಡುಗರು ಅನೇಕರು ಆ ಕಡೆ ಕೆಲಸಕ್ಕೆ ಹೋದರು. ನಮ್ಮ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಲಗ್ನಪತ್ರಿಕೆ ವಾಟ್ಸ್ಆ್ಯಪ್‌ನಲ್ಲಿ ಹೋಗುತ್ತದೆ. ಫೋನುಗಳನ್ನು ಕಂಪ್ಯೂಟರಿಗೆ ಹಾಕಿದರೆ ಮೊದಲಿನಂತೆ ಡಿಸ್ಕಾಗಿ ಕಾಣಿಸುವುದಿಲ್ಲ. ಒಂದೇ ಕಡತ ವ್ಯವಸ್ಥೆಯನ್ನು ಫೋನೂ ಕಂಪ್ಯೂಟರೂ ಒಟ್ಟಿಗೆ ಹಿಡಿದುಕೊಳ್ಳಲಾಗದು ಎಂಬ ಕಾರಣಕ್ಕೆ ಆಂಡ್ರಾಯ್ಡ್ ಬೇರೆ ದಾರಿ ಹಿಡಿಯಿತು. ಎಕ್ಸ್‌ಫ್ಯಾಟ್‌ನ ವಿವರಗಳನ್ನು ಮೈಕ್ರೋಸಾಫ್ಟ್ 2019ರಲ್ಲಿ ಬಹಿರಂಗ ಮಾಡಿದ ಮೇಲೆ ಲಿನಕ್ಸ್ ಕರ್ನಲ್ ಒಳಗೇ ಅದಕ್ಕೆ ಜಾಗ ಸಿಕ್ಕಿದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕಿಗೆ ಲಿನಕ್ಸಿನಿಂದ ಬರೆಯಲು ನಾವು ಆಗ ಹೆದರುತ್ತಿದ್ದ ಕಾಲ 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ತಂತ್ರಾಂಶದ ಸ್ಥಿರ ಆವೃತ್ತಿ ಬಂದಾಗಲೇ ಮುಗಿಯಿತು. ಇಂದು ಪೆನ್‌ಡ್ರೈವ್ ಚುಚ್ಚಿದರೆ ಲಿನಕ್ಸ್ ತಾನೇ ತೆರೆದು ತೋರಿಸುತ್ತದೆ.

ಮಗ್ಗದ ಪೆಟ್ಟಿಗೆ ಮಾತ್ರ ಬದಲಾಗಿಲ್ಲ. ಒಮ್ಮೆ ಕೂರಿಸಿದರೆ ಅದು ವರ್ಷಗಟ್ಟಲೆ ದುಡಿಯುತ್ತದೆ. ಅದರೊಳಗಿನ ತಂತ್ರಾಂಶವನ್ನು ಯಾರೂ ಮುಟ್ಟುವುದಿಲ್ಲ. ಪೆನ್‌ಡ್ರೈವ್ ದೊಡ್ಡದಾಗುತ್ತ ಹೋಗುತ್ತದೆ, ಪೆಟ್ಟಿಗೆ ಇದ್ದಲ್ಲೇ ಇರುತ್ತದೆ. ರಟ್ಟಿನ ಕಾರ್ಡಿನಲ್ಲಿ ಒಂದು ಹರಿದರೆ ಆ ಒಂದನ್ನೇ ಮತ್ತೆ ಹೊಡೆದು ಪೋಣಿಸಬಹುದಿತ್ತು. ಪೆನ್‌ಡ್ರೈವ್ ಹೋದರೆ ಒಂದು ಮನೆಯ ಎಲ್ಲ ಡಿಸೈನ್‌ಗಳೂ ಒಂದೇ ಕ್ಷಣದಲ್ಲಿ ಹೋಗುತ್ತವೆ. ಪಕ್ಕದ ಮನೆಯ ಹುಡುಗನನ್ನು ಕೇಳಿದೆ, ಇವುಗಳ ಇನ್ನೊಂದು ಪ್ರತಿ ಎಲ್ಲಿದೆ ಎಂದು. ಇರಲಿಲ್ಲ.

ಅದಕ್ಕೇ ಮಗ್ಗ ನಡೆಸುವ ಮನೆಗಳಿಗೆ ನನ್ನ ಮಾತು ಇಷ್ಟು. ಮಗ್ಗಕ್ಕೆ ಹಾಕುವ ಪೆನ್‌ಡ್ರೈವ್ 32 ಜಿಬಿ ಮೀರದಿರಲಿ, ಫ್ಯಾಟ್32 ಇರಲಿ, ಅದರಲ್ಲಿ ಬೇರೇನೂ ತುಂಬಬೇಡಿ. ದೀಪ ಮಿನುಗುವುದು ನಿಲ್ಲುವವರೆಗೆ, ಕಂಪ್ಯೂಟರ್ ತೆಗೆಯಬಹುದು ಎನ್ನುವವರೆಗೆ ಕೀಳಬೇಡಿ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ‘ನೋ’ ಒತ್ತಿ, ತಿಳಿದವರಿಗೆ ತೋರಿಸುವ ತನಕ ಅದಕ್ಕೆ ಏನನ್ನೂ ಬರೆಯಬೇಡಿ. ಪ್ರತಿ ಡಿಸೈನಿನ ಎರಡು ಪ್ರತಿ ಬೇರೆಬೇರೆ ಜಾಗದಲ್ಲಿರಲಿ, ಒಂದಾದರೂ ಮನೆಯಿಂದ ಆಚೆ ಇರಲಿ. ಡಿಸೈನ್‌ಗಳ ಹೆಸರು, ಅವು ಯಾರು ಬರೆದದ್ದು ಎಂಬುದನ್ನು ಮನೆಯ ಹಿರಿಯ ಹೆಂಗಸರನ್ನು ಕೂರಿಸಿ ಕೇಳಿ, ಕನ್ನಡದಲ್ಲಿ ಬರೆದಿಡಿ. ನೇಕಾರರ ಸಹಕಾರ ಸಂಘಗಳು ಇದನ್ನು ತಮ್ಮ ಕೆಲಸವೆಂದು ಎತ್ತಿಕೊಳ್ಳಬೇಕು. ಒಂದು ಹಳೆಯ ಕಂಪ್ಯೂಟರ್, ಒಂದು ಉಚಿತ ತಂತ್ರಾಂಶ, ರುಜು ಹಾಕಿಸಿಕೊಳ್ಳುವ ಒಂದು ನೋಟ್‌ಬುಕ್ ಇದ್ದರೆ ಈ ಕೆಲಸ ಶುರು ಮಾಡಬಹುದು. ದೊಡ್ಡಬಳ್ಳಾಪುರದ ಒಂದು ಸಣ್ಣ ಅಂಗಡಿಯಲ್ಲಿ ಇಷ್ಟರಲ್ಲೇ ಅದು ನಡೆದದ್ದನ್ನು ನಾನು ನೋಡಿದ್ದೇನೆ.